ಎಂಟಿ4 ಬಿಟ್ಟು ಬೇರೆ ಪ್ಲಾಟ್‌ಫಾರ್ಮ್‌ಗೆ ಹೋಗುವವರು ಮೊದಲು ನೋಡಬೇಕಾದದ್ದು

ಟ್ರೇಡಿಂಗ್ ಮಾಡುವ ಸಾಫ್ಟ್‌ವೇರ್ ಮೆಟಾಟ್ರೇಡರ್ 4, ಅಂದರೆ ಎಂಟಿ4, ಬಂದದ್ದು 2005ರಲ್ಲಿ. ಕರೆನ್ಸಿ ಟ್ರೇಡಿಂಗ್ ಮಾಡುವವರಲ್ಲಿ ಬಹಳ ಮಂದಿ ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಅದನ್ನು ಮಾಡಿದ ಮೆಟಾಕೋಟ್ಸ್ ಕಂಪನಿ ಹೊಸ ಬ್ರೋಕರ್‌ಗಳಿಗೆ ಅದರ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ವರ್ಷಗಳೇ ಆದವು. ಹಾಗಾಗಿ ಇಂದಲ್ಲ ನಾಳೆ ಬೇರೆ ಕಡೆ ಹೋಗಲೇಬೇಕು. ಹೋಗುವಾಗ ಹೆಚ್ಚಿನವರು ನೋಡುವುದು ಚಾರ್ಟ್ ಅಂದವಾಗಿದೆಯೇ, ಮೊಬೈಲ್ ಆಪ್ ಬೇಗ ತೆರೆಯುತ್ತದೆಯೇ ಎಂದು. ದುಡ್ಡು ಹೋಗುವುದು ಅಲ್ಲಿ ಅಲ್ಲ. ಪೊಸಿಷನ್ (ತೆರೆದಿರುವ ಟ್ರೇಡ್) ಲೆಕ್ಕ ಇಡುವ ರೀತಿ, ಸರ್ವರ್‌ನ ಗಡಿಯಾರ, ನಷ್ಟ ಮಿತಿ ಮೀರದಂತೆ ಟ್ರೇಡ್ ಮುಚ್ಚುವ ಸ್ಟಾಪ್ ಆರ್ಡರ್ ಎಲ್ಲಿ ಕೂತಿರುತ್ತದೆ ಎನ್ನುವುದು, ಈ ಮೂರರಲ್ಲಿ.

ಅದಕ್ಕೂ ಮೊದಲು ಕಾನೂನಿನ ಮಾತು. ಭಾರತದಲ್ಲಿ ವಾಸವಿರುವವರು ವಿದೇಶಿ ಬ್ರೋಕರ್ ಬಳಿ ಯೂರೋ-ಡಾಲರ್ ಸ್ಪಾಟ್ (ಆ ಕ್ಷಣದ ಬೆಲೆಯ) ಟ್ರೇಡಿಂಗ್ ಮಾಡಲು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಬಿಡುವುದಿಲ್ಲ. ಎಲ್‌ಆರ್‌ಎಸ್ (ರಿಸರ್ವ್ ಬ್ಯಾಂಕಿನ ಉದಾರ ಹಣ ರವಾನೆ ಯೋಜನೆ) ಅಡಿ ಹೊರದೇಶಕ್ಕೆ ಹಣ ಕಳಿಸಬಹುದು ನಿಜ, ಆದರೆ ಮಾರ್ಜಿನ್ (ಟ್ರೇಡ್‌ಗಾಗಿ ಇಡುವ ಠೇವಣಿ) ಕಟ್ಟುವುದಕ್ಕೆ ಅಲ್ಲ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಅನಧಿಕೃತ ಫಾರೆಕ್ಸ್ ಕಂಪನಿಗಳ ಅಲರ್ಟ್ ಲಿಸ್ಟ್ ಪ್ರಕಟಿಸುತ್ತಾ ಬಂದಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕಂಪನಿಗೆ ಅನುಮತಿ ಇದೆ ಎಂದು ಅರ್ಥವಲ್ಲ. ಇಲ್ಲಿ ದಾರಿ ಇರುವುದು ಎನ್‌ಎಸ್‌ಇಯಂಥ ಎಕ್ಸ್‌ಚೇಂಜ್‌ಗಳ ಕರೆನ್ಸಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ. ಡಾಲರ್-ರೂಪಾಯಿಯ ಒಂದು ಲಾಟ್ ಅಂದರೆ 1,000 ಡಾಲರ್, ಬೆಲೆ ಕದಲುವ ಕನಿಷ್ಠ ಹೆಜ್ಜೆ 0.0025 ರೂಪಾಯಿ, ಅಂದರೆ ಲಾಟ್‌ಗೆ ಎರಡೂವರೆ ರೂಪಾಯಿ. 2024ರ ಮೇ 3ರಿಂದ ಅದಕ್ಕೂ ಷರತ್ತು ಗಟ್ಟಿಯಾಗಿದೆ: ರೂಪಾಯಿ ಇರುವ ಜೋಡಿಗಳಲ್ಲಿ ಆಮದು, ರಫ್ತು, ಸಾಲದಂಥ ನಿಜವಾದ ವಿದೇಶಿ ವಿನಿಮಯದ ವ್ಯವಹಾರ ನಿಮಗಿರಬೇಕು. 10 ಕೋಟಿ ಡಾಲರ್‌ವರೆಗೆ ಅದರ ಕಾಗದಪತ್ರ ಕೇಳುವುದಿಲ್ಲ, ಆದರೆ ವ್ಯವಹಾರವೇ ಇಲ್ಲದಿದ್ದರೆ ತಪ್ಪು ತಪ್ಪೇ. ಎಂಟಿ4ರ ನಂತರದ ಆವೃತ್ತಿ ಎಂಟಿ5 ಎಂಬ ಹೆಸರು ಕಂಡಿತು ಎಂದು ನಂಬಬೇಡಿ. ಅದು ಸಾಫ್ಟ್‌ವೇರ್ ಅಷ್ಟೇ, ಹಿಂದೆ ಯಾರು ಕೂತಿದ್ದಾರೆ ಎಂಬುದೇ ಮುಖ್ಯ. ಮುಂದಿನ ಮಾತೆಲ್ಲ ದುಬೈ, ಲಂಡನ್, ಸಿಡ್ನಿಯಂಥ ಊರುಗಳಲ್ಲಿ ಅಲ್ಲಿನ ಪರವಾನಗಿ ಇರುವ ಬ್ರೋಕರ್ ಮೂಲಕ ಟ್ರೇಡ್ ಮಾಡುವ ಕನ್ನಡಿಗರಿಗೆ.

ಎಂಟಿ4ರಿಂದ ಹೊರಟವರಿಗೆ ಮೊದಲು ಸಿಗುವುದು ಎಂಟಿ5. ಚಾರ್ಟ್‌ನ 9 ಟೈಮ್‌ಫ್ರೇಮ್ ಇದ್ದದ್ದು 21 ಆಗಿದೆ, ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ತಂತ್ರದ ಪರೀಕ್ಷೆ) ಮಾಡುತ್ತಾ ಸೂಕ್ತ ಸೆಟ್ಟಿಂಗ್ ಹುಡುಕುವಾಗ ಕಂಪ್ಯೂಟರಿನ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ, ನಿಜವಾದ ಟಿಕ್ (ಬೆಲೆಯ ಒಂದೊಂದು ಕದಲಿಕೆ) ಡೇಟಾದ ಮೇಲೆ ನಡೆಸಬಹುದು. ಎಂಟಿ4 ಟೆಸ್ಟರ್ ತೋರಿಸುತ್ತಿದ್ದ 90 ಶೇಕಡಾ ಗುಣಮಟ್ಟ ಒಂದು ನಿಮಿಷದ ಕ್ಯಾಂಡಲ್‌ನಿಂದ (ಆ ಅವಧಿಯ ಬೆಲೆ ತೋರಿಸುವ ಚಾರ್ಟ್ ಕಡ್ಡಿ) ಕಟ್ಟಿದ ಕೃತಕ ಟಿಕ್, ಅದೂ ಸ್ಥಿರ ಸ್ಪ್ರೆಡ್‌ನಲ್ಲಿ (ಕೊಳ್ಳುವ, ಮಾರುವ ಬೆಲೆಗಳ ಅಂತರ). ನಾಲ್ಕೈದು ಪಿಪ್ (ಯೂರೋ-ಡಾಲರ್‌ನಲ್ಲಿ ಒಂದು ಪಿಪ್ ಅಂದರೆ 0.0001) ಲಾಭಕ್ಕೆ ಆಡುವ ಬಾಟ್‌ಗಳು (ತಾವೇ ಟ್ರೇಡ್ ಮಾಡುವ ಪ್ರೋಗ್ರಾಂಗಳು) ಅಲ್ಲಿ ಚಿನ್ನದಂತೆ ಕಂಡು ಇಲ್ಲಿ ಮುಗ್ಗರಿಸುವುದು ಇದಕ್ಕೇ. ಬ್ಯಾಕ್‌ಟೆಸ್ಟ್ ಮುಖ್ಯವಾದವರಿಗೆ ಈ ಒಂದೇ ಕಾರಣ ಸಾಕು, ಎಂಟಿ5ಗೆ ಬನ್ನಿ.

ಎಡವುವುದು ಖಾತೆ ತೆರೆಯುವ ಫಾರಂನಲ್ಲೇ. ಅಲ್ಲಿ ನೆಟಿಂಗ್, ಹೆಡ್ಜಿಂಗ್ ಎಂದು ಎರಡು ಬಗೆ ಇರುತ್ತವೆ. 0.50 ಲಾಟ್ (ಇಲ್ಲಿ ಒಂದು ಲಾಟ್ ಅಂದರೆ 1,00,000 ಯೂರೋ) ಯೂರೋ-ಡಾಲರ್ ಕೊಂಡು, ಆಮೇಲೆ 0.20 ಮಾರಿದಿರಿ ಅನ್ನಿ. ಹೆಡ್ಜಿಂಗ್ ಖಾತೆಯಲ್ಲಿ ಎಂಟಿ4ರ ಹಾಗೆಯೇ ಎರಡು ಸಾಲು ಕಾಣುತ್ತವೆ. ನೆಟಿಂಗ್‌ನಲ್ಲಿ ಉಳಿಯುವುದು ಒಂದೇ ಸಾಲು, 0.30. ಅಷ್ಟೇ ಅಲ್ಲ, ಅದೇ ಜೋಡಿಯಲ್ಲಿ ಹೊಸ ಸ್ಟಾಪ್‌ಲಾಸ್‌ನೊಂದಿಗೆ ಇನ್ನಷ್ಟು ಕೊಂಡರೆ ಹಳೆಯ ಸ್ಟಾಪ್‌ಲಾಸ್ ಅಳಿಸಿ ಹೋಗಿ ಹೊಸದು ಇಡೀ ಪೊಸಿಷನ್‌ಗೆ ಅನ್ವಯಿಸುತ್ತದೆ. ಒಂದೇ ಜೋಡಿಯ ಮೇಲೆ ಎರಡು ಬಾಟ್ ಓಡಿಸುವವರಿಗೆ ನೆಟಿಂಗ್ ಖಾತೆ ಆಗಿಬರುವುದಿಲ್ಲ, ಒಂದರ ಪೊಸಿಷನ್ ಇನ್ನೊಂದು ತಿಂದುಹಾಕುತ್ತದೆ. ಅಮೆರಿಕದಲ್ಲಿರುವವರಿಗೆ ಈ ಆಯ್ಕೆಯೇ ಇಲ್ಲ. 2009ರಿಂದ ನಿಯಂತ್ರಕ ಸಂಸ್ಥೆ ಎನ್‌ಎಫ್‌ಎಯ ನಿಯಮ ಅಲ್ಲಿ ಹೆಡ್ಜಿಂಗ್ ಒಪ್ಪುವುದಿಲ್ಲ.

ಹಳೆಯ ಬಾಟ್ ಎಂಟಿ5ರಲ್ಲಿ ಹಾಗೇ ಓಡುವುದಿಲ್ಲ, ಮರಳಿ ಬರೆಯಬೇಕು. ಮೂವಿಂಗ್ ಆವರೇಜ್ (ಕಳೆದ ಬೆಲೆಗಳ ಸರಾಸರಿ) ಕೊಡುವ ಐಎಂಎ ಫಂಕ್ಷನ್ ಹಳೆಯದರಲ್ಲಿ ನೇರವಾಗಿ ಬೆಲೆ ಕೊಡುತ್ತಿತ್ತು. ಹೊಸದರಲ್ಲಿ ಕೊಡುವುದು ಒಂದು ಹ್ಯಾಂಡಲ್ ನಂಬರ್ (ಗುರುತಿನ ಸಂಖ್ಯೆ) ಮಾತ್ರ. ಬೆಲೆ ಬೇಕಾದರೆ ಕಾಪಿಬಫರ್ ಕರೆಯಬೇಕು. ಯೂರೋ 1.08ರ ಆಸುಪಾಸಿನಲ್ಲಿರುವಾಗ ಆವರೇಜ್ ಮಾತ್ರ 10 ಎಂದೋ 11 ಎಂದೋ ಬರುತ್ತಿದ್ದರೆ ತಪ್ಪು ಇದೇ. ಕಂಪೈಲರ್ ಎಚ್ಚರಿಸುವುದಿಲ್ಲ, ಏಕೆಂದರೆ ಅದಕ್ಕೆ ಎರಡೂ ಸಂಖ್ಯೆಗಳೇ. ಬಾಟ್ ಮಾತ್ರ ಬೆಲೆ ಸದಾ ಆವರೇಜ್‌ಗಿಂತ ಕೆಳಗಿದೆ ಎಂದುಕೊಂಡು ಮಾರುತ್ತಲೇ ಇರುತ್ತದೆ. ಕಾಪಿಬಫರ್‌ನಿಂದ ಬಂದ ಅರೇಯಲ್ಲಿ ಸೊನ್ನೆಯ ಜಾಗದಲ್ಲಿ ಇರುವುದು ಅತಿ ಹಳೆಯ ಕ್ಯಾಂಡಲ್. ಅರೇಸೆಟ್‌ಆಸ್‌ಸೀರೀಸ್ ಹಾಕಿ ತಿರುಗಿಸಿಕೊಳ್ಳಿ. ಆರ್ಡರ್ ಕಳಿಸಿದಾಗ 10030 ಎಂಬ ದೋಷ ಬಂದರೆ ಫಿಲ್ಲಿಂಗ್ ಮೋಡ್ (ಆರ್ಡರ್ ತುಂಬುವ ರೀತಿ) ಹೊಂದಿಲ್ಲ ಎಂದರ್ಥ. ಆ ಸಿಂಬಲ್‌ಗೆ ಬ್ರೋಕರ್ ಎಫ್‌ಒಕೆ (ಪೂರ್ತಿ ಸಿಕ್ಕರೆ ಮಾತ್ರ) ಒಪ್ಪುತ್ತಾರೋ ಐಒಸಿ (ಸಿಕ್ಕಷ್ಟು, ಉಳಿದದ್ದು ರದ್ದು) ಒಪ್ಪುತ್ತಾರೋ ಕೇಳಿ ಅದನ್ನೇ ಕಳಿಸಿ.

ಸಿಟ್ರೇಡರ್ ಬೇರೆಯೇ ಜಾತಿ. ಸ್ಪಾಟ್‌ವೇರ್ ಕಂಪನಿಯದು, ಬಾಟ್ ಬರೆಯುವುದು ಹೆಚ್ಚಾಗಿ ಸಿ ಶಾರ್ಪ್‌ನಲ್ಲಿ. ಕೈಯಿಂದ ಟ್ರೇಡ್ ಮಾಡುವವರಿಗೆ ನಾನು ಹೇಳುವುದು ಇದನ್ನೇ, ಕಾರಣ ಒಂದೇ: ಟ್ರೇಲಿಂಗ್ ಸ್ಟಾಪ್, ಅಂದರೆ ಬೆಲೆ ಲಾಭದ ಕಡೆ ಹೋದಂತೆ ಹಿಂದೆಯೇ ಸರಿಯುವ ಸ್ಟಾಪ್. ಎಂಟಿ4, ಎಂಟಿ5 ಎರಡರಲ್ಲೂ ಅದು ನಡೆಯುವುದು ನಿಮ್ಮ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ. ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಮಲಗಿತು ಎಂದರೆ ಸ್ಟಾಪ್ ಕೊನೆಗೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಸಿಟ್ರೇಡರ್‌ನಲ್ಲಿ ಅದು ಸರ್ವರ್‌ನಲ್ಲಿರುತ್ತದೆ, ನೀವು ಮಲಗಿದರೂ ಸರಿಯುತ್ತಿರುತ್ತದೆ. ಆದರೆ ಬಾಟ್ ತರುವವರು ಎರಡು ಕಡೆ ಕಣ್ಣಿಡಿ. ಅಲ್ಲಿ ಗಾತ್ರ ಲಾಟ್‌ನಲ್ಲಿ ಅಲ್ಲ, ಯೂನಿಟ್‌ನಲ್ಲಿ. 0.01 ಲಾಟ್ ಅಂದರೆ 1,000 ಎಂದು ಬರೆಯಬೇಕು. ಮಾರ್ಕೆಟ್ ಆರ್ಡರ್‌ನ ಸ್ಟಾಪ್‌ಲಾಸ್ ಬೆಲೆಯಲ್ಲಿ ಅಲ್ಲ, ಪಿಪ್‌ನಲ್ಲಿ. ಎಂಟಿ4ರ ಅಭ್ಯಾಸದಲ್ಲಿ 1.0750 ಎಂದು ಕೊಟ್ಟರೆ ಅದು ಒಂದು ಪಿಪ್‌ನ ಸ್ಟಾಪ್ ಎಂದುಕೊಳ್ಳುತ್ತದೆ, ಟ್ರೇಡ್ ತೆರೆದ ಕ್ಷಣದಲ್ಲೇ ಮುಗಿಯುತ್ತದೆ.

ಟ್ರೇಡಿಂಗ್‌ವ್ಯೂ ಚಾರ್ಟ್‌ಗೆ ಸಾಟಿ ಇಲ್ಲ. ಆದರೆ ಅದರ ಭಾಷೆ ಪೈನ್ ಸ್ಕ್ರಿಪ್ಟ್‌ನಲ್ಲಿ ಬರೆದ ಸ್ಟ್ರಾಟಜಿ ತಾನೇ ಬ್ರೋಕರ್‌ಗೆ ಆರ್ಡರ್ ಕಳಿಸುವುದಿಲ್ಲ. ಅಲರ್ಟ್, ಅದನ್ನು ಇನ್ನೊಂದು ಸರ್ವರ್‌ಗೆ ದಾಟಿಸುವ ವೆಬ್‌ಹುಕ್, ನಡುವೆ ನಿಮ್ಮದೊಂದು ಸರ್ವರ್ ಬೇಕು. ಆ ಸರ್ವರ್ ಮೂರು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವೆಬ್‌ಹುಕ್ ರದ್ದಾಗುತ್ತದೆ. ಪೂರ್ತಿ ಆಟೊಮೇಷನ್ ಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನು ಗಡಿಯಾರ. ಬಹಳಷ್ಟು ಬ್ರೋಕರ್‌ಗಳ ಸರ್ವರ್ ಚಳಿಗಾಲದಲ್ಲಿ ಜಿಎಂಟಿ+2, ಬೇಸಿಗೆಯಲ್ಲಿ ಜಿಎಂಟಿ+3 ಇರುತ್ತದೆ. ನ್ಯೂಯಾರ್ಕ್‌ನ ಸಂಜೆ 5ಕ್ಕೆ ದಿನದ ಕ್ಯಾಂಡಲ್ ಮುಗಿಯಲಿ ಎಂದು ಈ ಏರ್ಪಾಡು. ಸರ್ವರ್ ಬರೀ ಜಿಎಂಟಿಯಲ್ಲಿದ್ದರೆ ಭಾನುವಾರ ರಾತ್ರಿಯ ಎರಡು ಮೂರು ಗಂಟೆಗಳಷ್ಟು ಅವಧಿಗೇ ಒಂದು ಪುಟ್ಟ ಕ್ಯಾಂಡಲ್ ಹುಟ್ಟಿ ವಾರಕ್ಕೆ ಆರಾಗುತ್ತವೆ. 14 ದಿನದ ಎಟಿಆರ್ (ದಿನದ ಏರಿಳಿತದ ಸರಾಸರಿ) ಕುಗ್ಗುತ್ತದೆ, ಅದರ ಮೇಲೆ ಕಟ್ಟಿದ ಸ್ಟಾಪ್‌ಲಾಸ್ ಹತ್ತಿರ ಬಂದು ಸುಮ್ಮಸುಮ್ಮನೆ ಹೊಡೆಸಿಕೊಳ್ಳುತ್ತದೆ. ಪ್ಲಾಟ್‌ಫಾರ್ಮ್ ಕೆಟ್ಟದ್ದು ಎಂದು ಬೈಯುವ ಮೊದಲು ದಿನದ ಚಾರ್ಟ್ ತೆರೆದು ಒಂದು ವಾರದ ಕ್ಯಾಂಡಲ್ ಎಣಿಸಿ.

ಪರೀಕ್ಷೆಗೆ ಡೆಮೊ ಎರಡು ವಾರ ಸಾಕು, ಅದು ಗುಂಡಿಗಳ ಪರಿಚಯಕ್ಕಷ್ಟೇ. ಡೆಮೊದಲ್ಲಿ ಆರ್ಡರ್ ತುಂಬುವ ಬೆಲೆ ನಿಜದ್ದಲ್ಲ. ಆಮೇಲೆ ನಿಜವಾದ ಖಾತೆಯಲ್ಲಿ 0.01 ಲಾಟ್‌ನ 40-50 ಟ್ರೇಡ್ ಮಾಡಿ, ಕೇಳಿದ ಬೆಲೆ, ಸಿಕ್ಕ ಬೆಲೆ ಎರಡನ್ನೂ ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಕೆಲವು ಅಮೆರಿಕದ ಉದ್ಯೋಗ ವರದಿ ಬರುವ ನ್ಯೂಯಾರ್ಕ್ ಬೆಳಿಗ್ಗೆ 8.30ರ ಹೊತ್ತಿಗೆ ಇರಲಿ, ಕೆಲವು ಅಲ್ಲಿನ ಸಂಜೆ 5ರ ಆಚೀಚೆ ಇರಲಿ. ಸ್ಪ್ರೆಡ್ ಬಾಯಿ ತೆರೆಯುವುದು ಆಗಲೇ. ಒಂದು ಪೊಸಿಷನ್ ಬುಧವಾರ ರಾತ್ರಿ ದಾಟಲಿ, ಮೂರು ದಿನದ ಸ್ವಾಪ್ (ರಾತ್ರಿ ದಾಟಿದ ಪೊಸಿಷನ್‌ನ ಬಡ್ಡಿ) ಎಷ್ಟು ಹಿಡಿದರು ಎಂದು ಗೊತ್ತಾಗುತ್ತದೆ.

ತೆರೆದಿರುವ ಪೊಸಿಷನ್ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಮುಚ್ಚಿ ಮತ್ತೆ ತೆರೆಯಬೇಕು, ಸ್ಪ್ರೆಡ್ ಇನ್ನೊಮ್ಮೆ ಕೊಡಬೇಕು. ಹಳೆಯ ಖಾತೆ ಮುಚ್ಚುವ ಮುನ್ನ ಎಂಟಿ4ರ ಅಕೌಂಟ್ ಹಿಸ್ಟರಿ ಟ್ಯಾಬ್‌ನಲ್ಲಿ ರೈಟ್ ಕ್ಲಿಕ್ ಮಾಡಿ, ಪೂರ್ತಿ ಅವಧಿ ಆರಿಸಿ, ಡೀಟೇಲ್ಡ್ ರಿಪೋರ್ಟ್ ಉಳಿಸಿಕೊಳ್ಳಿ. ಬ್ರೋಕರ್ ಖಾತೆಯನ್ನು ಆರ್ಕೈವ್‌ಗೆ ಹಾಕಿದ ಮೇಲೆ ತೆರಿಗೆ ಲೆಕ್ಕಕ್ಕೆ ಆ ಕಾಗದ ಹುಡುಕುವುದು ದೊಡ್ಡ ಅಲೆದಾಟ.