ಹೊಸ ಪಿಸಿ, ಎರಡು ಓಎಸ್, ಅಪ್ಪನ ನುಡಿ ಫೈಲುಗಳು: ಐದು ತಿಂಗಳ ಟಿಪ್ಪಣಿ

ಜೂನ್ 15, 2025, ಭಾನುವಾರ

ತುಮಕೂರಿನ ನಮ್ಮ ಮನೆಯ ಕಂಪ್ಯೂಟರ್‌ಗೆ ಹತ್ತು ವರ್ಷ ದಾಟಿದೆ. ಕೋರ್ ಐ5-4460, 8 ಜಿಬಿ ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 750 ಟಿಐ. ತುಂಬಾ ದುಡಿದ ಮಷಿನ್. ಅಪ್ಪ ಅದರಲ್ಲೇ ಟೈಪ್ ಮಾಡಿದರು, ತಮ್ಮ ಅದರಲ್ಲೇ ಆಡಿದ, ನನ್ನ ಮೊದಲ ಕೆಲಸದ ಅರ್ಜಿಯೂ ಅಲ್ಲಿಂದಲೇ ಹೋಯಿತು.

ಈಗ ಬದಲಿಸಲು ಕಾರಣ ಅದರ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಆದ ವಿಂಡೋಸ್ 10. ಈ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದು 4ನೆಯದು. 2026ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ದಾರಿ ಇದೆ, ಆದರೆ ಅದು ಒಂದು ವರ್ಷ ಮುಂದೂಡಿದಂತೆ ಅಷ್ಟೇ.

60,000 ರೂಪಾಯಿ ತೆಗೆದಿಟ್ಟಿದ್ದೇನೆ. ಮಾನಿಟರ್, ಕೀಬೋರ್ಡ್, ಮೌಸ್ ಹಳೆಯವೇ ಸಾಕು.

ಜೂನ್ 22

ಈ ವಾರವೆಲ್ಲ ಬೆಲೆ ನೋಡುವುದರಲ್ಲೇ ಕಳೆಯಿತು. ಇವತ್ತು ಅದನ್ನೆಲ್ಲ ಬದಿಗಿಟ್ಟು, ನಾವು ಮೂವರು ಈ ಕಂಪ್ಯೂಟರ್‌ನಲ್ಲಿ ನಿಜಕ್ಕೂ ಏನು ಮಾಡುತ್ತೇವೆ ಅಂತ ಒಂದು ಹಾಳೆಯಲ್ಲಿ ಬರೆದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಯಾಕೆಂದರೆ ಮುಂದಿನ ಎಲ್ಲ ತೀರ್ಮಾನವೂ ಆ ಹಾಳೆಯಿಂದಲೇ ಬಂತು.

ಅಪ್ಪ ರಿಟೈರ್ ಆದ ಕನ್ನಡ ಮೇಷ್ಟ್ರು. ಅವರಿಗೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಬೇಕು. ಹದಿನೈದು ವರ್ಷದ ಬರಹಗಳು ಅದರಲ್ಲಿವೆ. ನನಗೆ ಆಫೀಸ್ ಕೆಲಸ, ಫೋಟೋ, ರಾತ್ರಿ ಒಂದೆರಡು ಗಂಟೆ ದಿ ವಿಚರ್ 3 ಅಥವಾ ಸ್ಟಾರ್‌ಡ್ಯೂ ವ್ಯಾಲಿ. ತಮ್ಮನಿಗೆ ಕೌಂಟರ್-ಸ್ಟ್ರೈಕ್ 2, ಆಗಾಗ ಜಿಟಿಎ ಆನ್‌ಲೈನ್, ಎಲ್ಲಕ್ಕಿಂತ ಜಾಸ್ತಿ ವ್ಯಾಲರೆಂಟ್.

ನನಗೆ ಲಿನಕ್ಸ್ ಅನ್ನುವ ಉಚಿತ ಓಎಸ್‌ಗೆ ಹೋಗುವ ಆಸೆ ಬಹಳ ದಿನದಿಂದ ಇದೆ. ಹಿಂದೆ ಆಟಗಳೇ ಅಡ್ಡ ಬರುತ್ತಿದ್ದವು. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ವಿಂಡೋಸ್‌ಗೆಂದೇ ಮಾಡಿದ ಆಟವನ್ನು ಆ ಕಂಪನಿಯ ಆಟದಂಗಡಿ ಸ್ಟೀಮ್, ಪ್ರೋಟಾನ್ ಮೂಲಕ ಲಿನಕ್ಸ್‌ನಲ್ಲಿ ಓಡಿಸುತ್ತದೆ. ಒಳಗೆ ಇರುವುದು 1993ರಿಂದ ಬೆಳೆಯುತ್ತಾ ಬಂದ ವೈನ್, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ಆಟ ವಿಂಡೋಸ್‌ನ ಡೈರೆಕ್ಟ್3ಡಿ ಭಾಷೆಯಲ್ಲಿ ಚಿತ್ರ ಕೇಳಿದರೆ, ಡಿಎಕ್ಸ್‌ವಿಕೆ ಅದನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಭಾಷೆಗೆ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುತ್ತದೆ. ಯಾವ ಆಟ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಆಡಿದವರೇ ಪ್ರೋಟಾನ್‌ಡಿಬಿ ವೆಬ್‌ಸೈಟ್‌ನಲ್ಲಿ ಬರೆಯುತ್ತಾರೆ. ನನ್ನ ಆಟಗಳೆಲ್ಲ ಅಲ್ಲಿ ಪಾಸ್.

ತಮ್ಮನ ಪಟ್ಟಿಯ ಕಥೆಯೇ ಬೇರೆ. ಕೌಂಟರ್-ಸ್ಟ್ರೈಕ್ 2ಕ್ಕೆ ಲಿನಕ್ಸ್ ಆವೃತ್ತಿಯೇ ಇದೆ. ಜಿಟಿಎ ಒಬ್ಬರೇ ಆಡುವುದಾದರೆ ಓಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಅನ್ನುವ ಮೋಸ ತಡೆಯುವ ಸಾಫ್ಟ್‌ವೇರ್ ಸೇರಿಸಿದ ಮೇಲೆ ಅದರ ಆನ್‌ಲೈನ್ ಭಾಗ ಲಿನಕ್ಸ್‌ನಲ್ಲಿ ನಿಂತುಹೋಗಿದೆ. ವ್ಯಾಲರೆಂಟ್ ಅಂತೂ ಸಾಧ್ಯವೇ ಇಲ್ಲ. ಅದರ ವ್ಯಾನ್‌ಗಾರ್ಡ್ ಅನ್ನುವ ಮೋಸ ತಡೆಯುವ ಸಾಫ್ಟ್‌ವೇರ್ ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಕೂತು ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಆ ಕರ್ನಲ್ಲೇ ಇಲ್ಲ ಅಲ್ವಾ?

ಇಲ್ಲಿ ಒಂದು ಮಾತು ಹೇಳಲೇಬೇಕು. ಮೋಸ ತಡೆಯುವ ಎಲ್ಲ ಸಾಫ್ಟ್‌ವೇರ್‌ಗೂ ಲಿನಕ್ಸ್ ಆಗದು ಅಂತಲ್ಲ. ಬ್ಯಾಟಲ್‌ಐ, ಈಸಿ ಆಂಟಿ-ಚೀಟ್ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ. ಅದನ್ನು ಆನ್ ಮಾಡುವುದು ಆಟ ಮಾಡಿದವರ ಕೈಯಲ್ಲಿದೆ. ಏಪೆಕ್ಸ್ ಲೆಜೆಂಡ್ಸ್ ಮೊದಲು ಬಿಟ್ಟಿತ್ತು, 2024ರ ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿತು. ಹಾಗಾಗಿ ಇವತ್ತು ಓಡುವ ಆನ್‌ಲೈನ್ ಆಟ ನಾಳೆಯೂ ಓಡುತ್ತದೆ ಅಂತ ನಂಬಿಕೊಂಡು ಓಎಸ್ ಆರಿಸಬಾರದು.

"ನೀನು ಲಿನಕ್ಸ್ ಹಾಕ್ಕೋ ಅಕ್ಕ, ನನಗೆ ವಿಂಡೋಸ್ ಒಂದು ಮೂಲೆಯಲ್ಲಿ ಇದ್ದರೆ ಸಾಕು" ಅಂದ ತಮ್ಮ. ಆ ಮಾತೇ ಪ್ಲಾನ್ ಆಯಿತು. ಎರಡು ಡಿಸ್ಕ್, ಎರಡು ಓಎಸ್.

ಜುಲೈ 6

ಲ್ಯಾಪ್‌ಟಾಪ್ ಬೇಡ ಅಂತ ಬೇಗ ತೀರ್ಮಾನ ಆಯಿತು. ಇದೇ ದುಡ್ಡಿಗೆ ಇಷ್ಟು ಶಕ್ತಿ ಸಿಗಲ್ಲ, ಮುಂದೆ ಗ್ರಾಫಿಕ್ಸ್ ಕಾರ್ಡ್ ಬದಲಿಸಲೂ ಆಗಲ್ಲ.

ಕಾರ್ಡ್ ಆರಿಸಲು ಹತ್ತು ದಿನ ಬೇಕಾಯಿತು. ತಮ್ಮನಿಗೆ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಇಷ್ಟ. ವಿದ್ಯುತ್ ಕಡಿಮೆ ತಿನ್ನುತ್ತದೆ, 115 ವ್ಯಾಟ್. ಆಟದ ಫ್ರೇಮ್ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಇದೆ. ಒಳ್ಳೆಯ ಕಾರ್ಡ್, ಅದರಲ್ಲಿ ಅನುಮಾನ ಇಲ್ಲ. ಆದರೆ ನನ್ನನ್ನು ಎಎಂಡಿ ಕಡೆ ಎಳೆದದ್ದು ತಮ್ಮನ ಆಟವೇ! ವ್ಯಾಲರೆಂಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ ಜೊತೆ ಸೆಕ್ಯೂರ್ ಬೂಟ್ (ಶುರುವಾಗುವಾಗ ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬಿಡುವ ವ್ಯವಸ್ಥೆ) ಕೂಡ ಆನ್ ಇರಬೇಕು. ಸೆಕ್ಯೂರ್ ಬೂಟ್ ಆನ್ ಇದ್ದಾಗ ಲಿನಕ್ಸ್ ಕರ್ನಲ್, ಸಹಿ ಇಲ್ಲದ ಡ್ರೈವರ್ ಮಾಡ್ಯೂಲ್ ಒಪ್ಪಲ್ಲ. ಎನ್‌ವಿಡಿಯಾ ಡ್ರೈವರ್ ಹೊರಗಿನಿಂದ ಬರುತ್ತದೆ, ಅದಕ್ಕೆ ಬೇರೆ ಕೀ ನೋಂದಾಯಿಸುವ ಕೆಲಸ ಬರಬಹುದು. ಎಎಂಡಿಯ ಡ್ರೈವರ್ ಕರ್ನಲ್ ಜೊತೆಗೇ ಇರುತ್ತದೆ. ಹಾಕಿದ ಕೂಡಲೇ ಕೆಲಸ ಮಾಡುತ್ತದೆ, ಸೆಕ್ಯೂರ್ ಬೂಟ್ ಮುಟ್ಟುವುದೇ ಬೇಡ.

ಹಾಗಾಗಿ ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, 2021ರ ಕಾರ್ಡ್. ನಮ್ಮ ಮಾನಿಟರ್ 1080ಪಿ, 60 ಹರ್ಟ್ಸ್. ಅದಕ್ಕೆ ಇದು ಧಾರಾಳ ಸಾಕು. ಸ್ವಲ್ಪ ಹಳೆಯ ಕಾರ್ಡ್ ಆಗಿರುವುದೂ ಲಿನಕ್ಸ್‌ನಲ್ಲಿ ಒಳ್ಳೆಯದೇ. ಈ ವರ್ಷವೇ ಬಂದ ಕಾರ್ಡ್ ಆದರೆ ಹೊಸ ಕರ್ನಲ್, ಹೊಸ ಮೆಸಾ (ಲಿನಕ್ಸ್‌ನ ಗ್ರಾಫಿಕ್ಸ್ ಸಾಫ್ಟ್‌ವೇರ್) ಹುಡುಕಿಕೊಂಡು ಹೋಗಬೇಕು.

ಪ್ರೊಸೆಸರ್ ರೈಜನ್ 5 5600. ಹೊಸ ಎಎಂ5 ಸಾಕೆಟ್‌ಗೆ ಹೋಗಿದ್ದರೆ ಮುಂದೆ ಅಪ್‌ಗ್ರೇಡ್ ದಾರಿ ಉದ್ದ ಇರುತ್ತಿತ್ತು. ಆದರೆ ಮದರ್‌ಬೋರ್ಡ್, ಡಿಡಿಆರ್5 ರ‍್ಯಾಮ್ ಎರಡೂ ಸೇರಿ ಬಜೆಟ್ ದಾಟುತ್ತಿತ್ತು. ಬೋರ್ಡ್ ಮಾತ್ರ ಬಿ450 ಬಿಟ್ಟು ಬಿ550 ಆರಿಸಿದೆ. ಆರ್‌ಎಕ್ಸ್ 6600 ಬರೀ ಎಂಟು ಪಿಸಿಐಇ ಲೇನ್ (ಕಾರ್ಡ್‌ಗೆ ಡೇಟಾ ಹೋಗಿಬರುವ ದಾರಿ) ಬಳಸುತ್ತದೆ. ಅವು 4.0 ವೇಗದಲ್ಲಿ ಓಡಬೇಕಾದರೆ ಬಿ550 ಬೇಕು.

ಜುಲೈ 12, ಶನಿವಾರ

ಬೆಳಗಿನ ರೈಲು ಹತ್ತಿ ಮೆಜೆಸ್ಟಿಕ್. ಅಲ್ಲಿಂದ ಮೆಟ್ರೋದಲ್ಲಿ ಚಿಕ್ಕಪೇಟೆ, ಅಲ್ಲಿಂದ ನಡೆದು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ನಾಲ್ಕು ಅಂಗಡಿಯಲ್ಲಿ ಅದೇ ಪಟ್ಟಿ ಕೊಟ್ಟು ಕೊಟೇಷನ್ ಬರೆಸಿಕೊಂಡೆ.

ಒಂದು ಕಡೆ "ಮೇಡಂ, ಗೇಮಿಂಗ್‌ಗೆ ಅಂದ್ರೆ ಎನ್‌ವಿಡಿಯಾನೇ ತಗೊಳ್ಳಿ, ಎಲ್ಲರೂ ಅದೇ ತಗೊಳ್ಳೋದು" ಅಂದರು. ಲಿನಕ್ಸ್ ಹಾಕುತ್ತೇನೆ ಅಂದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಕೂಡಲೇ "ಹಂಗಾದ್ರೆ ಎಎಂಡಿ ಸರಿ ಅಕ್ಕ" ಅಂದ. ಅಲ್ಲೇ ತಗೊಂಡೆ.

ಕೊಟ್ಟ ದುಡ್ಡು: ಪ್ರೊಸೆಸರ್ 10,400, ಬೋರ್ಡ್ 8,900, 16 ಜಿಬಿ ಡಿಡಿಆರ್4 ರ‍್ಯಾಮ್ (ಎರಡು 8ರ ಕಡ್ಡಿ) 3,800, ಗ್ರಾಫಿಕ್ಸ್ ಕಾರ್ಡ್ 19,500, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,200, 500 ಜಿಬಿ ಸಾಟಾ ಎಸ್‌ಎಸ್‌ಡಿ 3,000, 550 ವ್ಯಾಟ್ ಬ್ರಾಂಜ್ ಪವರ್ ಸಪ್ಲೈ 4,300, ಕ್ಯಾಬಿನೆಟ್ 3,200. ಒಟ್ಟು 58,300. ಎಲ್ಲದಕ್ಕೂ ಜಿಎಸ್‌ಟಿ ಬಿಲ್ ಕೇಳಿ ಪಡೆದೆ. ವಾರಂಟಿಗೆ ಹೋದಾಗ ಮೊದಲು ಕೇಳುವುದೇ ಅದನ್ನು.

ವಿಂಡೋಸ್‌ಗೆ ದುಡ್ಡು ಕೊಡಲಿಲ್ಲ. ಹಳೆಯ ಮಷಿನ್‌ನಲ್ಲಿದ್ದದ್ದು ಡಬ್ಬಿಯಲ್ಲಿ ಕೊಂಡ ರಿಟೇಲ್ ಲೈಸೆನ್ಸ್. ಅದನ್ನು ಇನ್ನೊಂದು ಮಷಿನ್‌ಗೆ ಸಾಗಿಸಬಹುದು. ಲ್ಯಾಪ್‌ಟಾಪ್ ಜೊತೆ ಬರುವ ಓಇಎಂ ಲೈಸೆನ್ಸ್ ಆಗಿದ್ದರೆ ಆಗುತ್ತಿರಲಿಲ್ಲ.

ಜುಲೈ 13

ಜೋಡಣೆ. ನಾಲ್ಕು ಗಂಟೆ ಹಿಡಿಯಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಬರೆದಿದ್ದ ಕಡೆ ಪುಟ್ಟ ದೀಪ ಉರಿಯುತ್ತಿತ್ತು. ಕಡ್ಡಿಗಳನ್ನು ಕಿತ್ತು ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಮತ್ತೆ ಹಾಕಿದೆ. ಟಕ್ ಅಂತ ಸದ್ದು ಬರುವವರೆಗೆ ಒತ್ತಿದೆ. ಪರದೆ ಬಂತು. ಅಮ್ಮ ಅಡುಗೆಮನೆಯಿಂದಲೇ "ಬಂತಾ?" ಅಂದರು.

ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ನೋಡಿದರೆ 3200ರ ರ‍್ಯಾಮ್ 2400ರಲ್ಲಿ ಓಡುತ್ತಿದೆ. ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಇದನ್ನು ಮರೆತು ವರ್ಷಗಟ್ಟಲೆ ನಿಧಾನದ ರ‍್ಯಾಮ್‌ನಲ್ಲೇ ಆಡುವವರು ಇದ್ದಾರೆ. ರೈಜನ್‌ಗೆ ರ‍್ಯಾಮ್ ವೇಗ ಮುಖ್ಯ.

ಜುಲೈ 19 ಮತ್ತು 20

ಓಎಸ್ ಹಾಕಿದ ಕ್ರಮವನ್ನು ಬರೆದಿಡುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು. ಮೊದಲು ಸಾಟಾ ಎಸ್‌ಎಸ್‌ಡಿ ಮಾತ್ರ ಜೋಡಿಸಿ ವಿಂಡೋಸ್ 11 ಹಾಕಿದೆ. ಆಮೇಲೆ ಅದರ ಕೇಬಲ್ ಬಿಚ್ಚಿ, ಎನ್‌ವಿಎಂಇ ಕೂರಿಸಿ ಲಿನಕ್ಸ್ ಹಾಕಿದೆ. ಕೊನೆಗೆ ಎರಡನ್ನೂ ಜೋಡಿಸಿದೆ. ಎರಡೂ ಡಿಸ್ಕ್ ಒಟ್ಟಿಗೆ ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಟ್ಟುಬಿಡಬಹುದು. ಹೀಗೆ ಮಾಡಿದರೆ ಯಾವುದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ತಮ್ಮ ಬೂಟ್ ಮೆನುವಿನಿಂದ ವಿಂಡೋಸ್ ಆರಿಸುತ್ತಾನೆ, ಸುಮ್ನೆ ಬಿಟ್ಟರೆ ಲಿನಕ್ಸ್ ಬರುತ್ತದೆ.

ಯಾವ ಲಿನಕ್ಸ್? ಆಟಕ್ಕೆ ಬಜೈಟ್ ಚೆನ್ನಾಗಿದೆ ಅಂತ ತುಂಬಾ ಜನ ಹೇಳುತ್ತಾರೆ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ನಿಂತದ್ದು, ಸ್ಟೀಮ್ ಎಲ್ಲ ಸಿದ್ಧವಾಗಿ ಬರುತ್ತದೆ. ನಾನು ಲಿನಕ್ಸ್ ಮಿಂಟ್ 22.1 ಹಾಕಿದೆ. ಹಳೆಯ ಮಷಿನ್‌ಗೂ ಅದನ್ನೇ ಹಾಕುತ್ತೇನೆ. ಅಪ್ಪನ ಮುಂದೆಯೂ ನನ್ನ ಮುಂದೆಯೂ ಒಂದೇ ಬಗೆಯ ಪರದೆ ಇದ್ದರೆ ಅವರು "ಇದು ಎಲ್ಲಿದೆ?" ಅಂದಾಗ ಫೋನ್‌ನಲ್ಲೇ ಹೇಳಬಹುದು. ನನಗೆ ಅದು ಎರಡು ಫ್ರೇಮ್ ಜಾಸ್ತಿ ಸಿಗುವುದಕ್ಕಿಂತ ದೊಡ್ಡದು.

ಆಗಸ್ಟ್ 3

ಎರಡು ತೊಂದರೆ ಬಂದವು.

ಮೊದಲನೆಯದು ಗಡಿಯಾರ. ರಾತ್ರಿ 9ಕ್ಕೆ ತಮ್ಮ ವಿಂಡೋಸ್ ತೆರೆದರೆ ಮಧ್ಯಾಹ್ನ 3:30 ತೋರಿಸಿತು. "ಬೋರ್ಡ್ ಬ್ಯಾಟರಿ ಹೋಗಿದೆ ಅಕ್ಕ, ವಾಪಸ್ ಕೊಡೋಣ" ಅಂದ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದದ್ದರಿಂದ ಕಾರಣ ಹೊಳೆಯಿತು. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಬಳಸಿ, ಗಡಿಯಾರವನ್ನು ಸ್ಥಳೀಯ ಸಮಯದಲ್ಲಿ ಇಡು ಅಂತ ಲಿನಕ್ಸ್‌ಗೆ ಹೇಳಿದೆ. ಸರಿಹೋಯಿತು.

ಎರಡನೆಯದು ಎರಡು ಸಂಜೆ ತಿಂದಿತು. ಹಳೆಯ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ವಿಚರ್ 3 ಆಗಲೇ ಇತ್ತು. ಸ್ಟೀಮ್‌ಗೆ ಅದೇ ಫೋಲ್ಡರ್ ತೋರಿಸಿದೆ. ಪ್ಲೇ ಒತ್ತಿದರೆ ಒಂದು ಕ್ಷಣ ಶುರುವಾದಂತೆ ಮಾಡಿ ನಿಂತುಹೋಗುತ್ತಿತ್ತು. ಪ್ರೋಟಾನ್ ಆವೃತ್ತಿ ಮೂರು ಸಲ ಬದಲಿಸಿದೆ. ತಪ್ಪು ಅಲ್ಲಿರಲಿಲ್ಲ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ವಿಂಡೋಸ್ ಮನೆ ಕಟ್ಟುತ್ತದೆ. ಅದರಲ್ಲಿ ಸಿ ಡ್ರೈವ್ ಅಂತ ತೋರಿಸಲು ಹೆಸರಿನಲ್ಲೇ ಕೋಲನ್ ಚಿಹ್ನೆ ಇರುವ ಲಿಂಕ್ ಮಾಡುತ್ತದೆ. ಆ ಡಿಸ್ಕ್ ಇದ್ದದ್ದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ, ಅಲ್ಲಿ ಕೋಲನ್ ಇರುವ ಹೆಸರು ನಡೆಯಲ್ಲ. ಆಟದ ಫೋಲ್ಡರನ್ನು ಎನ್‌ವಿಎಂಇಗೆ ಕಾಪಿ ಮಾಡಿ ಇನ್‌ಸ್ಟಾಲ್ ಒತ್ತಿದೆ. ಇರುವ ಫೈಲುಗಳನ್ನು ಸ್ಟೀಮ್ ಗುರುತಿಸಿತು, ಮತ್ತೆ ಡೌನ್‌ಲೋಡ್ ಬೇಕಾಗಲಿಲ್ಲ. ಈಗ ಸೆಟ್ಟಿಂಗ್ಸ್ ಹೈನಲ್ಲಿಟ್ಟು, ರೇ ಟ್ರೇಸಿಂಗ್ ಆಫ್ ಮಾಡಿ 60 ಫ್ರೇಮ್ ಕದಲದೆ ಬರುತ್ತಿದೆ. ಮೊದಲ ಸಲ ತೆರೆದಾಗ ವಲ್ಕನ್ ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧಮಾಡುತ್ತಿದ್ದೇನೆ ಅಂತ ಸ್ವಲ್ಪ ಹೊತ್ತು ಕಾಯಿಸುತ್ತದೆ. ಅದನ್ನು ಸ್ಕಿಪ್ ಮಾಡಬೇಡಿ. ಮಾಡಿದರೆ ಆಟದ ಮಧ್ಯೆ ಎಡವುತ್ತದೆ.

ಆಗಸ್ಟ್ 31

ಕರೆಂಟ್ ಹೋದಾಗಲೆಲ್ಲ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಮನೆಯಲ್ಲಿ ಇನ್ವರ್ಟರ್ ಇದ್ದರೂ! ಅದರ ಹಿಂದೆ ಒಂದು ಪುಟ್ಟ ಸ್ವಿಚ್ ಇತ್ತು, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿ ಬದಲಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಯುಪಿಎಸ್ ಕಡೆಗೆ ತಳ್ಳಿದೆ. ಆಮೇಲೆ ಮೂರು ಸಲ ಕರೆಂಟ್ ಹೋಗಿದೆ, ಪಿಸಿ ಒಮ್ಮೆಯೂ ಆಫ್ ಆಗಿಲ್ಲ.

ಅಕ್ಟೋಬರ್ 19

ವಿಂಡೋಸ್ 10ರ ಗಡುವು ಕಳೆದ ಮಂಗಳವಾರ ಮುಗಿಯಿತು. ಹಳೆಯ ಮಷಿನ್‌ನಲ್ಲಿ ಈಗ ಮಿಂಟ್ ಇದೆ, ಅಪ್ಪನ ಕೋಣೆಯಲ್ಲಿದೆ. ನನಗೆ ಜಾಸ್ತಿ ಚಿಂತೆ ಇದ್ದದ್ದು ಇದರದ್ದೇ.

ಟೈಪಿಂಗ್ ಸುಲಭವಾಯಿತು. ಅಪ್ಪನ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ, ನುಡಿಯಲ್ಲಿ ಇರುವುದು ಅದೇ. ಲಿನಕ್ಸ್‌ನಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೆ, ಹಲವು ಭಾಷೆಗಳ ಕೀಬೋರ್ಡ್ ವಿನ್ಯಾಸ ಇರುವ ಎಂ17ಎನ್ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀ, ಎಂದಿನಂತೆ. ಅಪ್ಪ ಕೂತು ಮೊದಲು "ಅಕ್ಷರ" ಅಂತ ಹೊಡೆದರು. ಬಂತು. ಆಮೇಲೆ "ವಸ್ತ್ರ", "ರಾಷ್ಟ್ರ". ಅವೂ ಬಂದವು.

ಹಳೆಯ ಫೈಲುಗಳದ್ದೇ ದೊಡ್ಡ ಕೆಲಸ. ಅವು ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ, ಆಸ್ಕಿ ಫಾಂಟ್‌ನಲ್ಲಿ ಬರೆದವು. ಫೈಲಿನ ಒಳಗೆ ಇರುವುದು ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದೆ ತೆರೆದರೆ ಒಂದು ಪದವೂ ಓದಲಾಗದು. ಕನ್ವರ್ಟರ್‌ಗಳು ಇವೆ, ಬಹುಪಾಲು ಸರಿಯಾಗಿ ಬದಲಿಸುತ್ತವೆ. ಎಡವುವುದು ಅರ್ಕಾವತ್ತಿನಲ್ಲಿ. "ಸೂರ್ಯ" ಬರೆಯುವಾಗ ಆಸ್ಕಿಯಲ್ಲಿ ಅರ್ಕಾವತ್ತು ಯಕಾರದ ನಂತರ ಕೂರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ನಾವು ಉಚ್ಚರಿಸುವ ಕ್ರಮದಲ್ಲಿ. ಕನ್ವರ್ಟರ್ ಅದನ್ನು ಹಿಂದೆ ಮುಂದೆ ಮಾಡಬೇಕು. ಒತ್ತಕ್ಷರವೂ ದೀರ್ಘವೂ ಜೊತೆಗೆ ಬಂದರೆ ಕೆಲವೊಮ್ಮೆ ತಪ್ಪುತ್ತದೆ.

ಅದಕ್ಕೇ ಪ್ರತಿ ಫೈಲನ್ನೂ ಅಪ್ಪ ಓದಿ ತಿದ್ದುತ್ತಿದ್ದಾರೆ. ಒಟ್ಟು 212 ಫೈಲು. ನಿನ್ನೆಗೆ 37 ಮುಗಿದಿವೆ. ಮೂಲ ಫೈಲುಗಳನ್ನು ಅಳಿಸಿಲ್ಲ, ಫಾಂಟ್ ಸಮೇತ ಎರಡು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ. ತಿದ್ದುವಾಗ ಅಪ್ಪ ಹಳೆಯ ಬರಹವನ್ನೇ ಮುಂದುವರಿಸಲೂ ಶುರುಮಾಡಿದ್ದಾರೆ. ನಮ್ಮೂರ ಕೆರೆಯ ಬಗ್ಗೆ 2011ರಲ್ಲಿ ಅರ್ಧಕ್ಕೆ ಬಿಟ್ಟಿದ್ದು ನಾಲ್ಕು ಪುಟ ಬೆಳೆದಿದೆ.

ಮುಂದಿನ ಶನಿವಾರ ಆ ಮಷಿನ್‌ಗೆ ಇನ್ನೊಂದು 8 ಜಿಬಿ ಡಿಡಿಆರ್3 ಕಡ್ಡಿ ಹುಡುಕಲು ಎಸ್.ಪಿ. ರೋಡ್‌ಗೆ ಹೋಗುತ್ತೇನೆ. ಅಪ್ಪನೂ ಬರುತ್ತಾರಂತೆ.