ಒಲೆ ಮುಂದಿನ ಪೌರುಷ

ನಮ್ಮ ರಾತ್ರಿಶಾಲೆಯ ಸಂಚಿಕೆಗೆ ಯುದ್ಧಕಾಲದ ನೆನಪು ಬರೆದುಕೊಡಿ ಎಂದಾಗ ನನಗೆ ಮೊದಲು ಬಂದದ್ದು ಮೈದಾ ಅಂಟಿನ ಹುಳಿ ವಾಸನೆ. 1971ರ ಡಿಸೆಂಬರ್ 3, ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಮರುದಿನ ಹೋಟೆಲಿನ ಧಣಿ ಬೋಗುಣಿ ತುಂಬ ಮೈದಾ ಕುದಿಸಲು ಹೇಳಿದರು, ಶತ್ರು ವಿಮಾನಕ್ಕೆ ಬೆಳಕು ಕಾಣದಂತೆ ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಲಿಕ್ಕೆ. ನಾನು ಬೊಂಬಾಯಿಯ ಫೋರ್ಟಿನಲ್ಲಿ ಹಗಲು ಹೋಟೆಲ್ ಮಾಣಿ, ರಾತ್ರಿ ಒಂಬತ್ತನೇ ಕ್ಲಾಸು. ವಯಸ್ಸು 17.

ನಮ್ಮ ಕನ್ನಡ ಮಾಸ್ಟ್ರೂ ಹಾಗೇ. ಹಗಲು ಗುಮಾಸ್ತರು, ರಾತ್ರಿ ಮಾಸ್ಟ್ರು, ಭಾನುವಾರ ಹೋಮ್ ಗಾರ್ಡ್. ಖಾಕಿ ತೊಟ್ಟು ಕವಾಯತಿಗೆ ಹೋಗುವ ಅವರನ್ನು ನೋಡಿ ನಾವು ಹಿಂದಿನಿಂದ ನಗುತ್ತಿದ್ದೆವು. ಹೊಟ್ಟೆ ಮುಂದೆ, ಬೆಲ್ಟು ಅದರ ಕೆಳಗೆ. ಯುದ್ಧ ಶುರುವಾದ ಮೇಲೆ ಅವರು ಖಾಕಿಯಲ್ಲೇ ಪಾಠಕ್ಕೆ ಬರತೊಡಗಿದರು. ನಗು ನಿಂತಿತು ಅಂತಲ್ಲ, ಕತ್ತಲಲ್ಲಿ ಕಾಣುತ್ತಿರಲಿಲ್ಲ ಅಷ್ಟೆ.

ಡಿಸೆಂಬರ್ 6, ಸೋಮವಾರ. ಬತ್ತಿ ಆರಿಸಿದ ಕ್ಲಾಸಿನಲ್ಲಿ ಅವರು ವ್ಯಾಕರಣ ಬಿಟ್ಟು ತಮ್ಮ ದಳದ ಚರಿತ್ರೆ ಹೇಳಿದರು. ಹೋಮ್ ಗಾರ್ಡ್ ಹುಟ್ಟಿದ್ದೇ ಬೊಂಬಾಯಿಯಲ್ಲಿ, 1946ರ ಅದೇ ತಾರೀಖಿಗೆ. ಕೋಮುಗಲಭೆ ಉರಿಯುತ್ತಿದ್ದ ಕಾಲ. ಪೊಲೀಸರ ಜೊತೆ ಊರಿನವರೂ ನಿಲ್ಲಲಿ ಎಂದು ಮೊರಾರ್ಜಿ ದೇಸಾಯಿಯವರು ಕಟ್ಟಿದ್ದು. 1962ರಲ್ಲಿ ಚೀನಾ ಮೇಲೆ ಬಿದ್ದ ಬಳಿಕ ಉಳಿದ ರಾಜ್ಯಗಳಲ್ಲೂ ಬೆಳೆಯಿತು. ನಮ್ಮ ಮೈಸೂರು ರಾಜ್ಯದ ಕಾಯ್ದೆಯೂ ಆ ವರ್ಷದ್ದೇ. ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’. ಅಂದು ದಳಕ್ಕೆ 25 ತುಂಬಿತ್ತು. ಅದೇ ದಿನ ಇಂದಿರಾ ಗಾಂಧಿ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿದ್ದರು. ಮಾಸ್ಟ್ರ ಸಡಗರ ಯಾವುದಕ್ಕೆಂದು ನಮಗೆ ಗೊತ್ತಾಗಲಿಲ್ಲ.

ಇನ್ನು ದಳ ಏನು ಮಾಡಿತು ಎಂದರೆ, ಬಹುಪಾಲು ಕೂಗಿತು. ‘ಬತ್ತಿ ಬಂದ್ ಕರೋ!’ ಸೈರನ್ ಏರಿಳಿದು ಕೂಗಿದರೆ ಅಪಾಯ, ಒಂದೇ ಸಮ ಕೂಗಿದರೆ ಪರವಾಗಿಲ್ಲ. ನಡುವಿನ ಹೊತ್ತೆಲ್ಲ ಇವರ ಗಂಟಲು. ಒಂದು ರಾತ್ರಿ ನಮ್ಮ ಹೋಟೆಲಿನ ಹಿಂಬಾಗಿಲಿಗೇ ಲಾಠಿ ಬಡಿಯಿತು. ತೆರೆದರೆ ಮಾಸ್ಟ್ರು, ಕೈಯಲ್ಲಿ ಕಾಗದ ಸುತ್ತಿದ ಟಾರ್ಚು. ಕಿಟಕಿಗೆಲ್ಲ ಕಾಗದ ಮೆತ್ತಿದ್ದೆವು, ಅಡುಗೆಮನೆಯ ಹೊಗೆಗಿಂಡಿ ಮರೆತಿತ್ತು. ಇದ್ದಿಲೊಲೆಯ ಕೆಂಪು ಅದರೊಳಗಿಂದ ಗಲ್ಲಿಗೆ ಬೀಳುತ್ತಿತ್ತು. ನಾನು ಗಾಬರಿಯಲ್ಲಿ ದೋಸೆ ಕಾವಲಿಯನ್ನೇ ತಂದು ಒಲೆ ಮೇಲೆ ಕವುಚಿದೆ, ಬೆರಳು ಸುಟ್ಟುಕೊಂಡೆ. ಮಾಸ್ಟ್ರು ಸುಟ್ಟ ಬೆರಳಿಗೆ ತಣ್ಣೀರು ಸುರಿಯುತ್ತ, ‘ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ ಮಾಣಿ, ಅದು ನಾವಿಬ್ಬರೇ’ ಅಂದರು. ಮರುದಿನ ಕ್ಲಾಸಿನಲ್ಲಿ ಅದೇ ಪಾಠವಾಯಿತು. ಕೌರವರ ಸೇನೆ ಕಂಡು ರಥದಿಂದ ಜಿಗಿದು ಓಡುವ ಉತ್ತರಕುಮಾರನನ್ನು ಅವರು ಕತ್ತಲಲ್ಲಿ ದನಿಯಿಂದಲೇ ಓಡಿಸಿದರು. ಬೆಳಕಿನಲ್ಲಿ ಅಷ್ಟು ಚೆನ್ನಾಗಿ ಅವರು ಎಂದೂ ಪಾಠ ಮಾಡಿದ್ದು ನನಗೆ ನೆನಪಿಲ್ಲ.

ನಾನು ಕಣ್ಣಾರೆ ಕಂಡ ಗಾಯಾಳು ಒಬ್ಬನೇ. ಪಕ್ಕದ ಹೋಟೆಲಿನ ಹುಡುಗ, ಹಾಲಿನ ಕ್ಯಾನು ಹೊತ್ತು ಶಾಲೆಯ ಕಟ್ಟಡದ ಮೆಟ್ಟಿಲು ತಪ್ಪಿ ಬಿದ್ದ. ಮೊಣಕಾಲ ಕೆಳಗೆ ಮುರಿದಿತ್ತು. ಹಾಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವ ಸದ್ದು ಮಾತ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಮಾಸ್ಟ್ರು ಎರಡು ಅಡಿಕೋಲು ತರಿಸಿ ಎರಡೂ ಬದಿಗಿಟ್ಟು, ನನ್ನ ಹೆಗಲ ಬೈರಾಸನ್ನು ಸೀಳಿ ಕಟ್ಟಿದರು. ಬೆಂಚಿನ ಮೇಲೆ ಮಲಗಿಸಿ ನಾಲ್ವರು ಹೊತ್ತೆವು. ಭಾನುವಾರದ ಕವಾಯತು ಯಾಕೆಂದು ಆಗ ನನಗೆ ತಿಳಿಯಿತು. ಹುಡುಗ ದಾರಿಯುದ್ದಕ್ಕೂ ಅತ್ತದ್ದು ಕಾಲಿಗಲ್ಲ, ಹಾಲಿನ ದುಡ್ಡಿಗೆ.

9ರ ರಾತ್ರಿ ದಿಯು ಬಳಿಯ ಕಡಲಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ನಮ್ಮಲ್ಲಿ ಇಡ್ಲಿಗೆ ಬರುತ್ತಿದ್ದ ನೌಕಾಪಡೆಯ ಹುಡುಗರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ವಿಚಾರಿಸುವುದು ಹೇಗೆಂದೂ ತಿಳಿಯಲಿಲ್ಲ. ಮಾಸ್ಟ್ರು ಆಮೇಲೆ ಉತ್ತರಕುಮಾರನ ಮಾತೆತ್ತಲಿಲ್ಲ.

16ರಂದು ಢಾಕಾದಲ್ಲಿ ಶರಣಾಗತಿ, 17ರ ರಾತ್ರಿ 8ಕ್ಕೆ ಪಶ್ಚಿಮದಲ್ಲೂ ಕದನವಿರಾಮ. ಬೀದಿ ದೀಪ ಮತ್ತೆ ಹತ್ತಿದಾಗ ಧಣಿ ನನ್ನ ಕೈಗೆ ದೋಸೆ ಸಟ್ಟುಗ ಕೊಟ್ಟು ಕಿಟಕಿ ತೋರಿಸಿದರು. ಮೈದಾ ಕಲ್ಲಾಗಿತ್ತು. ಬಿಸಿನೀರು ಹಾಕಿ ಕೆರೆದರೂ ಗಾಜಿನ ಅಂಚಿಗೆ ಕಪ್ಪು ಉಳಿಯಿತು. ಅಂದು ಕ್ಲಾಸಿಗೆ ತಡವಾಗಿ ಹೋದೆ. ಮಾಸ್ಟ್ರು ಬಿಳಿ ಅಂಗಿಯಲ್ಲಿದ್ದರು. ನನ್ನ ಉಗುರಿನೊಳಗಿನ ಮೈದಾ ನೋಡಿ, ಕೇಳದೆ ಒಳಗೆ ಬಿಟ್ಟರು.