ಬಾರ್ನ್ ಸಿನಿಮಾಗಳಲ್ಲಿ ಕಾದಂಬರಿ ಎಲ್ಲಿದೆ?

ಅಮೆರಿಕದ ಥ್ರಿಲ್ಲರ್ ಕಾದಂಬರಿಕಾರ ರಾಬರ್ಟ್ ಲಡ್ಲಮ್‌ನನ್ನು ಓದಿದವರು ತಪ್ಪದೆ ಕೇಳುತ್ತಾರೆ: ‘ದಿ ಬಾರ್ನ್ ಐಡೆಂಟಿಟಿ’ ಕಾದಂಬರಿಯ ಬಹುಪಾಲು ಕಥೆ ತೆರೆಯ ಮೇಲೆ ಇಲ್ಲವೇ ಇಲ್ಲ, ಮತ್ತೆ ಇದನ್ನು ಒಳ್ಳೆಯ ರೂಪಾಂತರ ಅನ್ನುವುದು ಹೇಗೆ?

ಏನನ್ನು ಕೈಬಿಟ್ಟರು ಎಂಬುದರಲ್ಲೇ ಉತ್ತರವಿದೆ. 1980ರ ಕಾದಂಬರಿಯಲ್ಲಿ ಬಾರ್ನ್‌ನ ಎದುರಾಳಿ ಕಾರ್ಲೋಸ್, ನಿಜ ಜೀವನದಲ್ಲೂ ಕುಖ್ಯಾತನಾಗಿದ್ದ ಭಯೋತ್ಪಾದಕ. ನಿಜವಾದ ಕಾರ್ಲೋಸ್ 1994ರಲ್ಲೇ ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದ. ಮೊದಲ ಸಿನಿಮಾ ಬಂದ 2002ರ ಪ್ರೇಕ್ಷಕರನ್ನು ಅವನ ಹೆಸರು ಹೇಳಿ ಹೆದರಿಸುವಂತಿರಲಿಲ್ಲ. ನಿರ್ದೇಶಕ ಡಗ್ ಲೈಮನ್ ಉಳಿಸಿಕೊಂಡದ್ದು ಸಮುದ್ರದಿಂದ ಎತ್ತಿದ, ನೆನಪು ಕಳೆದುಕೊಂಡ ಮನುಷ್ಯ, ಸೊಂಟದ ಚರ್ಮದಡಿ ಹುದುಗಿದ ಜ್ಯೂರಿಕ್ ಬ್ಯಾಂಕ್ ಖಾತೆಯ ಸಂಖ್ಯೆ, ಅವನ ಜೊತೆಗಾತಿ ಮೇರಿ, ಅಮೆರಿಕದ ಗುಪ್ತ ಕಾರ್ಯಾಚರಣೆ ಟ್ರೆಡ್‌ಸ್ಟೋನ್. ಇಷ್ಟೇ.

ಆದರೆ ಅತಿ ದೊಡ್ಡ ಬದಲಾವಣೆ ಬೇರೆ ಇದೆ. ಕಾದಂಬರಿಯ ಬಾರ್ನ್ ಕೊಲೆಗಾರನಲ್ಲ. ಕಾರ್ಲೋಸ್‌ನನ್ನು ಸೆಳೆಯಲು ಕಟ್ಟಿದ ಸುಳ್ಳು ಖ್ಯಾತಿ ಅವನದು. ನೆನಪು ಮರಳಿದಷ್ಟೂ ಅವನು ನಿರಪರಾಧಿಯಾಗುತ್ತಾನೆ. ಸಿನಿಮಾದಲ್ಲಿ ಅವನು ನಿಜಕ್ಕೂ ಸರ್ಕಾರದ ಹಂತಕ, ನೆನಪು ಬಂದಷ್ಟೂ ಅಪರಾಧ ಬೆಳೆಯುತ್ತದೆ. ಸರಣಿ ನಿಂತಿರುವುದು ಇದರ ಮೇಲೆ. ಎರಡನೇ ಚಿತ್ರದ ಕೊನೆಯಲ್ಲಿ ಅವನು ಮಾಸ್ಕೋಗೆ ಹೋಗುವುದು ಯಾರನ್ನೂ ಕೊಲ್ಲಲು ಅಲ್ಲ, ತಾನು ಕೊಂದವರ ಮಗಳ ಮುಂದೆ ತಪ್ಪೊಪ್ಪಿಕೊಳ್ಳಲು. ನನಗೆ ಇಡೀ ಸರಣಿಯಲ್ಲಿ ಅತ್ಯುತ್ತಮ ದೃಶ್ಯ ಅದೇ.

ಕಾದಂಬರಿಯ ಪುಟಗಟ್ಟಲೆ ಮನದ ಮಾತನ್ನು ತೆರೆಗೆ ತರಲು ಹಿನ್ನೆಲೆ ಧ್ವನಿ ಹಾಕಿದರೆ ವೇಗ ಸಾಯುತ್ತದೆ. ಇಲ್ಲಿ ಹೋಟೆಲಿನಲ್ಲಿ ಕೂತ ಬಾರ್ನ್ ಹೊರಗಿನ ಆರೂ ಕಾರುಗಳ ನಂಬರ್ ಹೇಳಬಲ್ಲೆ, ಬಡಿಸುವವಳು ಎಡಗೈಯವಳು, ಕೌಂಟರಿನಲ್ಲಿರುವವನ ತೂಕ 215 ಪೌಂಡ್ ಅನ್ನುತ್ತಾನೆ; ಇದೆಲ್ಲ ತನಗೆ ಹೇಗೆ ಗೊತ್ತು ಎಂದು ಗಾಬರಿಯಾಗುತ್ತಾನೆ. ಒಂದೇ ನಿಮಿಷದಲ್ಲಿ ಅವನ ಒಳಗು ಪೂರ್ತಿ ಹೊರಗೆ ಬರುತ್ತದೆ.

ಸಾಹಸದಲ್ಲೂ ಕೈಗೆ ಸಿಕ್ಕಿದ್ದೇ ಆಯುಧ: ಮೊದಲ ಚಿತ್ರದಲ್ಲಿ ಪೆನ್ನು, ಎರಡನೆಯದರಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಪ್ಯಾರಿಸಿನ ಚೇಸ್‌ಗೆ ಮುಂಚೆ ಅವನು ನಕ್ಷೆ ನೋಡುತ್ತಾನೆ, ಮೇರಿಯ ಹಳೆಯ ಮಿನಿ ಕಾರಿನ ಟೈರಿನ ಬಗ್ಗೆ ವಿಚಾರಿಸುತ್ತಾನೆ.

ಅನುಕರಿಸಿದ ಹಲವರು ಎರಡು ಮತ್ತು ಮೂರನೇ ಚಿತ್ರಗಳ ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್‌ನ ಅಲುಗಾಡುವ ಕ್ಯಾಮೆರಾವನ್ನಷ್ಟೇ ಎತ್ತಿಕೊಂಡರು. ಮೂರನೇ ಚಿತ್ರ, 2007ರ ‘ಅಲ್ಟಿಮೇಟಮ್’ನಲ್ಲಿ ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣದ ದೃಶ್ಯ ನೋಡಿ: ಬಾರ್ನ್ ಫೋನಿನಲ್ಲಿ ಪತ್ರಕರ್ತನಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಶೂ ಲೇಸ್ ಕಟ್ಟಬೇಕು ಎಂದು ಹೇಳುತ್ತಾ ಹೋಗುತ್ತಾನೆ. ಆ ಸೂಚನೆಗಳಿಂದಲೇ ಯಾರು ಎಲ್ಲಿದ್ದಾರೆಂದು ನಮಗೂ ತಿಳಿಯುತ್ತದೆ. ಈ ತಯಾರಿಯಿಲ್ಲದೆ ಚಕಚಕನೆ ಕತ್ತರಿಸಿದರೆ ಯಾರು ಯಾರಿಗೆ ಹೊಡೆದರೆಂದೇ ಗೊತ್ತಾಗದು.